ತಲೆಯ ಕಡೆಯ ಜಾಕ್

ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ಮುಚ್ಚಿ ಬಂದು, ವೆಂಡಲ್ ಆಸ್ಟ್‌ಬಿ ಆ ಟ್ರೇಲರಿನ, ಗಾಡಿಗೆ ಕಟ್ಟಿ ಎಳೆದೊಯ್ಯುವ ಆ ಪುಟ್ಟ ಮನೆಯ, ಊಟದ ಮೇಜಿಗೆ ಮೊಣಕೈಯೂರಿ ಕಣ್ಣು ಮುಚ್ಚಿ ಕುಳಿತ. ಎದುರಿಗಿದ್ದ, ಟ್ರೇಲರಿನ ಯಜಮಾನ ಕ್ಲೆಮೆಂಟ್ ಹಾಗನ್ ಇದು ಪ್ರಾರ್ಥನೆಯೇ ಇರಬೇಕೆಂದುಕೊಂಡು ತಾನೂ ಟೋಪಿ ತೆಗೆದು ತಲೆ ಬಗ್ಗಿಸಿದ.

ಹೊರಗೆ ಲಾವುಗೆಗಳ ಹಿಂಡೊಂದು ಜಲ್ಲಿಯ ಮೇಲೆ ಪಟಪಟನೆ ಓಡಿಹೋಯಿತು. ಮತ್ತೆ ಮರಳುಗಾಡಿನ ಮೌನ. ಆಮೇಲೆ ಹಾಸಿಗೆಯ ಅಡಿಯಿಂದ ಪಂಪು ಗುರ್ರೆಂದು ಒಂದು ಸಲ ಗೊಣಗಿ ಸುಮ್ಮನಾಯಿತು.

"ಮತ್ತೆ ಶುರುವಾಯ್ತು," ಅಂದ ವೆಂಡಲ್, ಕಣ್ಣು ತೆರೆದು, ದನಿಯೇರಿಸಿ. "ಟೋಪಿ ಹಾಕ್ಕೋ ಕಣಯ್ಯಾ. ನಾನು ಪಂಪು ಕೇಳಿಸ್ಕೋತಿದ್ದೆ. ನಿನ್ನ ಕಿವಿ ಮೆಷೀನ್ ಎಲ್ಲಿ?"

"ಜೇಬಲ್ಲಿದೆ. ಸುಮ್ನೆ ಬ್ಯಾಟರಿ ಯಾಕೆ ದಂಡ ಮಾಡ್ಲಿ? ಆರ್ಲಿಸ್ ಆಸ್ಪತ್ರೆ ಸೇರಿದ್ಮೇಲೆ ನನ್ನನ್ನ ಬೈಯೋರಾದ್ರೂ ಯಾರು?"

ನಲ್ಲಿ ತಿರುಗಿಸಿದಾಗ ಪಂಪು ಓಡುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಯಾರೂ ಮುಟ್ಟದಿದ್ದಾಗ ತಾನಾಗಿಯೇ ಗುರ್ರೆಂದರೆ, ಎಲ್ಲೋ ಕಣ್ಣಿಗೆ ಕಾಣದ ಕಡೆ ನೀರು ಸೋರುತ್ತಿದೆ ಎಂದೇ ಲೆಕ್ಕ. ವೆಂಡಲನಿಗೆ ಇದು ಹೊಸದಲ್ಲ. ರೆಡ್ ನದಿಯ ಬಯಲಿನ ಬೀಟ್ ಗೆಡ್ಡೆಯ ಸಕ್ಕರೆ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಪೈಪು ಜೋಡಿಸಿದವನು ಅವನು. ಅದಕ್ಕೂ ಮುಂಚೆ, ಅಡುಗೆಮನೆಯ ಮೇಜಿನ ಸುತ್ತ ಅಮ್ಮ ದಿನವೂ ಬಾಯಿಪಾಠ ಹೇಳುತ್ತಿದ್ದ ಪದ್ಯಗಳನ್ನು ಕೈಕಟ್ಟಿ ಕೇಳುತ್ತ ಬೆಳೆದವನು. ಅಮ್ಮ ಉಸಿರು ತೆಗೆದುಕೊಳ್ಳಲು ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಒಂದು ಪದ ನುಂಗುತ್ತಾಳೆ ಎಂಬುದು ಅವನಿಗೆ ಪದ್ಯದ ಅರ್ಥಕ್ಕಿಂತ ಮೊದಲೇ ತಿಳಿಯುತ್ತಿತ್ತು. ಕೈಗಿಂತ ಕಿವಿಯೇ ಅವನ ಮೊದಲ ಹತ್ಯಾರು.

ಆದರೂ ಈ ಟ್ರೇಲರು ಅವನಿಗೆ ಮಣಿಯುತ್ತಿರಲಿಲ್ಲ. ಸೋಮವಾರ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಒಂದು ಜಾಯಿಂಟು ಬಿರುಕು ಬಿಟ್ಟದ್ದು ಸಿಕ್ಕಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿದ. ಮಂಗಳವಾರ ಬೆಳಗ್ಗೆ ಬಂದು ನೋಡಿದರೆ ಕಕ್ಕಸಿನ ಹಿಂದಿನ ಜಾಯಿಂಟಿನಿಂದ ಹನಿ ಇಳಿದು ನೆಲದ ಪ್ಲೈವುಡ್ ಮೆತ್ತಗಾಗಿತ್ತು. ಅದನ್ನೂ ಸರಿ ಮಾಡಿದ. ಈಗ ಮಧ್ಯಾಹ್ನ, ಪಂಪು ಮತ್ತೆ ಗೊಣಗುತ್ತಿದೆ.

"ಶುಕ್ರವಾರಕ್ಕೆ ಆಗುತ್ತಾ?" ಕ್ಲೆಮೆಂಟ್ ಮೇಜಿನ ಅಂಚನ್ನು ಹೆಬ್ಬೆರಳಿಂದ ಉಜ್ಜುತ್ತಿದ್ದ.

"ಆಗ್ಬೇಕು," ಅಂದ ವೆಂಡಲ್.

ಶುಕ್ರವಾರ ಕ್ಲೆಮೆಂಟನ ಹೆಂಡತಿ ಆರ್ಲಿಸಳನ್ನು ಯೂಮಾದ ಆಸ್ಪತ್ರೆಯಿಂದ ಬಿಡುವವರಿದ್ದರು. ಹೃದಯ ಸೋತು, ಎದೆಯಲ್ಲಿ ನೀರು ತುಂಬಿ ಅವಳು ಅಲ್ಲಿ ಸೇರಿದ್ದಳು. ನೀರೇನೋ ಇಳಿದಿತ್ತು. ಆದರೆ ಗುರುವಾರ ಆಸ್ಪತ್ರೆಯ ಕಡೆಯ ಹೆಂಗಸೊಬ್ಬಳು ಬಂದು ಅವರ ವಾಸದ ಜಾಗ ನೋಡುತ್ತಾಳೆ. ನೆಲ ಒಣಗಿರಬೇಕು, ಬೂಷ್ಟು ಇರಕೂಡದು, ನಲ್ಲಿಯಲ್ಲಿ ನೀರು ಬರಬೇಕು. ಇಲ್ಲವಾದರೆ ಆರ್ಲಿಸಳನ್ನು ಫೀನಿಕ್ಸಿನ ಆರೈಕೆ ಮನೆಗೆ ಕಳಿಸುತ್ತಾರೆ. ಅಲ್ಲಿ ಹಾಸಿಗೆ ರೋಗಿಗೆ ಮಾತ್ರ. ಗಂಡನಿಗೆ ಭೇಟಿಯ ಹೊತ್ತಿನಲ್ಲಿ ಒಂದು ಕುರ್ಚಿ. ಅಷ್ಟು ದೂರ ಗಾಡಿ ಓಡಿಸಲು ಕ್ಲೆಮೆಂಟನ ಕಣ್ಣು ಈಗ ಬಿಡುತ್ತಿರಲಿಲ್ಲ. ಉತ್ತರದಲ್ಲಿದ್ದ ಮನೆಯನ್ನು ಅವರು ಮಾರಿ ಎಷ್ಟೋ ಚಳಿಗಾಲಗಳಾಗಿದ್ದವು. ಬೇಸಗೆಗೆ ಯಾವುದೋ ಕೆರೆಯ ದಂಡೆ, ಚಳಿಗೆ ಈ ಮರಳುಗಾಡು. ಎಲ್ಲಿ ನಿಂತರೂ ಈ ಟ್ರೇಲರೇ ಅವರ ಮನೆ.

ಸಂಜೆ ನಾಲ್ಕಕ್ಕೆ, ಚಳಿಗಾಲ ಕಳೆಯಲು ಬಂದ ಟ್ರೇಲರಿನವರ ಆ ಬಿಡಾರದಲ್ಲಿ ಎಂದಿನಂತೆ ಮಡಚುವ ಕುರ್ಚಿಗಳು ವೃತ್ತವಾಗಿ ಬಿದ್ದವು. ವೆಂಡಲನ ಪಕ್ಕದಲ್ಲಿ ಸಸ್ಕಾಚೆವಾನಿನ ಲೋರ್ನಾ ಪೆಟ್ರಿ ಕೂತಿದ್ದಳು. ಕೆನಡಾದಿಂದ ಪ್ರತಿ ಚಳಿಗಾಲ ಬಂದು ಅದೇ ಒಕೊಟಿಯೋ ಮುಳ್ಳುಪೊದೆಯ ಪಕ್ಕದಲ್ಲಿ ಟ್ರೇಲರ್ ನಿಲ್ಲಿಸುವ ವಿಧವೆ. ಅವಳ ಬಾಯಿಗೆ ಇಡೀ ಬಿಡಾರವೇ ಹೆದರುತ್ತಿತ್ತು, ಅವಳ ಖರ್ಜೂರದ ಬಿಸ್ಕತ್ತಿಗೆ ಇಡೀ ಬಿಡಾರವೇ ಕಾಯುತ್ತಿತ್ತು.

"ಏನಪ್ಪಾ ಪೈಪಿನ ಡಾಕ್ಟ್ರೇ," ಅಂದಳು, "ನಿನ್ನ ರೋಗಿ ಇನ್ನೂ ಉಚ್ಚೆ ಹುಯ್ಕೋತಾನೇ ಇದೆಯಂತೆ?"

"ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ."

"ನಮ್ಮತ್ತೆ ಥರ. ಅವಳಿಗೂ ಮದ್ದು ಸಿಗ್ಲಿಲ್ಲ." ಬಿಸ್ಕತ್ತಿನ ಡಬ್ಬಿಯನ್ನು ಅವನ ಮಡಿಲಿಗೆ ನೂಕಿದಳು. "ಪೈಪಿನ ಮಾತು ಬಿಡು. ಪಾಪ, ಅವನು ಬಾಗಿಲಿಗೆ ಹಗ್ಗ ಕಟ್ಕೊಂಡಿದಾನಲ್ಲ, ಮೊದಲು ಅದನ್ನ ಸರಿ ಮಾಡಿಕೊಡು. ಬರೋ ಆಸ್ಪತ್ರೆಯವಳು ಒಳಗೇನು ಕಟ್ಟಿ ಹಾಕಿದಾರೆ ಇವರು ಅಂದ್ಕೋತಾಳೆ. ಹೋದ ವರ್ಷ ಆ ಬಾಗಿಲನ್ನ ನಾನು ಒಂದು ಬೆರಳಲ್ಲಿ ಮುಚ್ತಿದ್ದೆ."

ವೆಂಡಲನ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗದೆ ನಿಂತಿತು. ಹಗ್ಗವನ್ನು ಅವನೂ ನೋಡಿದ್ದ. ಹಳೆಯ ಟ್ರೇಲರು, ಸವೆದ ಚಿಲಕ ಎಂದುಕೊಂಡು ದಾಟಿ ಒಳಗೆ ಹೋಗಿದ್ದ. ಈಗ ನೆನಪಾಯಿತು: ಬಾಗಿಲಿನ ಮೇಲಿನ ಸಂದು ಒಂದು ತುದಿಯಲ್ಲಿ ಕಾಗದ ತೂರದಷ್ಟು ಕಿರಿದು, ಇನ್ನೊಂದು ತುದಿಯಲ್ಲಿ ಬೆರಳು ತೂರುವಷ್ಟು ಅಗಲ. ಚಿಲಕ ಸವೆದರೆ ಬಾಗಿಲು ಸಡಿಲವಾಗುತ್ತದೆ. ಚೌಕಟ್ಟೇ ಸೊಟ್ಟಗಾಗುವುದಿಲ್ಲ.

ಮರುದಿನ ಬುಧವಾರ, ಬೆಳಗ್ಗೆ ಬಿಸಿಲೇರುವ ಮುನ್ನ ಅವನು ಒಂದು ಗೋಣಿತಟ್ಟು ಹಾಸಿಕೊಂಡು, ಬೆನ್ನ ಮೇಲೆ ಮಲಗಿ ಟ್ರೇಲರಿನ ಅಡಿಗೆ ತೂರಿದ.

ನಾಲ್ಕು ಮೂಲೆಗೆ ನಾಲ್ಕು ಜಾಕ್. ಒಳಗೆ ನಡೆದಾಡುವಾಗ ಟ್ರೇಲರು ದೋಣಿಯಂತೆ ಅಲುಗಬಾರದೆಂದು ಕೊಡುವ ಊರುಗೋಲುಗಳು ಅವು. ನೆಲಕ್ಕೆ ತಾಗಿ ಸ್ವಲ್ಪ ಬಿಗಿಯಾದರೆ ಅವುಗಳ ಕೆಲಸ ಮುಗಿಯಿತು, ಹೊರೆಯೆಲ್ಲ ಚಕ್ರಗಳದ್ದು. ಮೂರು ಜಾಕ್‌ಗಳು ಹಾಗೇ ಇದ್ದವು. ನಾಲ್ಕನೆಯದು, ಮುಂದಿನ ಬಲಮೂಲೆಯದು, ಮರದ ತುಂಡುಗಳ ಮೇಲೆ ತುಂಡುಗಳನ್ನು ಪೇರಿಸಿಕೊಂಡು ಮೊಣಕಾಲು ನಡುಗುವ ಜಟ್ಟಿಯ ಹಾಗೆ ಮೂಲೆಯನ್ನು ಎತ್ತಿ ಹಿಡಿದಿತ್ತು. ಅದರ ತಿರುಪಿನ ಸರಳು ಬಾಗಿತ್ತು. ವೆಂಡಲ್ ಕೈ ಚಾಚಿ ಆ ಬದಿಯ ಮುಂಚಕ್ರದ ಅಡಿಯ ಮರಳನ್ನು ಕೆದಕಿದ. ಸಲೀಸಾಗಿ ಬೆರಳು ಒಳಗೆ ಹೋಯಿತು. ಚಕ್ರ ನೆಲದ ಮೇಲೆ ನಿಂತಿರಲಿಲ್ಲ, ಸುಮ್ಮನೆ ತಾಗಿಕೊಂಡಿತ್ತು.

ಒಂದೇ ಮೂಲೆ ಎತ್ತಿದ್ದರಿಂದ ಟ್ರೇಲರಿನ ಅಡಿಗಟ್ಟಾದ ಚಾಸಿ ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿತ್ತು. ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು, ಗೋಡೆಗೆ ಬಿಗಿದ ಪೈಪುಗಳು ಎಳೆಯಲ್ಪಟ್ಟು ಒಂದೊಂದು ಜಾಯಿಂಟಾಗಿ ಸೀಳಿದ್ದವು. ಅವನು ಸೋಮವಾರದಿಂದ ಮುಚ್ಚುತ್ತ ಬಂದಿದ್ದು ಗಾಯವನ್ನಲ್ಲ, ಗಾಯದಿಂದ ಬಂದ ಕಣ್ಣೀರನ್ನು.

ಯಾಕೆ ಈ ಮೂಲೆ? ಮಲಗಿದಲ್ಲಿಂದಲೇ ಅವನು ಮೇಲೆ ನೋಡಿದ. ಆ ಮೂಲೆಯ ಮೇಲೇ ಮಂಚವಿತ್ತು. ಟ್ರೇಲರಿಗೆ ಅಡ್ಡಲಾಗಿ ಹಾಕಿದ ಮಂಚ, ದಿಂಬುಗಳು ಬಲಗೋಡೆಗೆ. ಆಗ ಅವನಿಗೆ ತಿಳಿಯಿತು: ಇದು ಆರ್ಲಿಸಳ ತಲೆಗಾಗಿ ಕ್ಲೆಮೆಂಟನೇ ಏರಿಸಿದ್ದು.

ಹೇಳದೆ ಇರಬಹುದು. ಬಿಸಿಲಿಗೆ ಪೈಪಿನ ಪ್ಲಾಸ್ಟಿಕ್ ಪೆಡಸಾಗಿತ್ತು ಎಂದರೆ ಕ್ಲೆಮೆಂಟ್ ನಂಬುತ್ತಾನೆ. ಅವನೇನು, ಯಾರಾದರೂ ನಂಬುತ್ತಾರೆ. ಜಾಕ್ ಇಳಿಸಿ, ಪೈಪು ಬದಲಿಸಿ, ಬಾಗಿಲಿಗೆ ಎಣ್ಣೆ ಬಿಟ್ಟು ಹೋದರೆ ಗುರುವಾರ ಕಳೆಯುತ್ತದೆ. ಆದರೆ ಶುಕ್ರವಾರ ಆರ್ಲಿಸ್ ಮನೆಗೆ ಬರುತ್ತಾಳೆ, ಮಲಗುತ್ತಾಳೆ, ಕೆಮ್ಮುತ್ತಾಳೆ. ಆಗ ಗಂಡ ಹೊರಗೆ ಬಂದು ಇದೇ ಜಾಕಿನ ಮುಂದೆ ಮಂಡಿಯೂರುತ್ತಾನೆ. ವೆಂಡಲ್ ತುಟಿ ಅಲುಗಿಸದೆ ದೇವರಲ್ಲಿ ಒಂದು ಮಾತು ಬೇಡಿಕೊಂಡ. ಕೆಲಸ ಸುಲಭವಾಗಲಿ ಎಂದಲ್ಲ, ಮಾತು ಮೆತ್ತಗೆ ಬರಲಿ ಎಂದು.

ಕ್ಲೆಮೆಂಟ್ ಎರಡು ಲೋಟ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ವೆಂಡಲ್ ಅವನನ್ನು ಟ್ರೇಲರಿನ ಮೂತಿಯ, ಗಾಡಿಗೆ ಕೊಂಡಿ ಹಾಕುವ ಕಬ್ಬಿಣದ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕುಳಿತು, ತನ್ನ ಕಿವಿ ಮುಟ್ಟಿ ತೋರಿಸಿದ. ಕ್ಲೆಮೆಂಟ್ ಜೇಬಿನಿಂದ ಮೆಷೀನ್ ತೆಗೆದು ಸಿಕ್ಕಿಸಿಕೊಂಡ.

"ತಲೆ ಕಡೆಯ ಜಾಕ್ ಎತ್ತಿದ್ದು ಯಾವಾಗ?"

ಕ್ಲೆಮೆಂಟ್ ಕಾಫಿಯನ್ನೇ ನೋಡಿದ. "ಕ್ರಿಸ್ಮಸ್ ಆದ್ಮೇಲೆ. ಮಟ್ಟಸವಾಗಿ ಮಲಗಿದ್ರೆ ಅವಳಿಗೆ ಉಸಿರು ಸಿಗ್ತಿರ್ಲಿಲ್ಲ. ದಿಂಬು ಮೇಲೆ ದಿಂಬು ಇಟ್ರೂ ಜಾರಿ ಜಾರಿ ಕೆಳಗೆ ಬರ್ತಿದ್ಲು. ಆಸ್ಪತ್ರೆ ಮಂಚ ಗುಂಡಿ ಒತ್ತಿದ್ರೆ ಏಳುತ್ತಲ್ಲ, ನಾನೂ ನೋಡಿದೆ, ನಮ್ಮ ಮಂಚದ ತಲೆ ಇರೋದು ಸರಿಯಾಗಿ ಜಾಕಿನ ಮೇಲೆ. ಎತ್ತಿದೆ. ಅವತ್ತು ಚೆನ್ನಾಗಿ ನಿದ್ದೆ ಮಾಡಿದ್ಲು ಕಣೋ. ಸ್ವಲ್ಪ ದಿನಕ್ಕೆ ಮತ್ತೆ ಕಷ್ಟ ಆಯ್ತು, ಇನ್ನಷ್ಟು ಎತ್ತಿದೆ." ಹೇಳುವಾಗ ಅವನ ದನಿಯಲ್ಲಿ ಒಂದು ಹೆಮ್ಮೆಯಿತ್ತು, ಹೇಳಿ ಮುಗಿಸುವ ಹೊತ್ತಿಗೆ ಅದು ಇಳಿದಿತ್ತು. "ಯಾಕೆ ಕೇಳ್ತೀಯ?"

"ಯಾವುದ್ರಲ್ಲಿ ತಿರುಗಿಸಿದೆ?"

"ನಿನ್ನ ಡ್ರಿಲ್ಲಲ್ಲೇ. ನೀನೇ ಕೊಟ್ಟಿದ್ಯಲ್ಲ, ಕೈ ನೋಯುತ್ತೆ ಅಂದಿದ್ದಕ್ಕೆ."

"ಅದೇ. ಕೈಯಲ್ಲಿ ತಿರುಗಿಸಿದ್ರೆ ಭಾರ ಬಂದಾಗ ಕೈಗೆ ಗೊತ್ತಾಗುತ್ತೆ, ಸಾಕು ಅನ್ನುತ್ತೆ. ಡ್ರಿಲ್‌ಗೆ ಏನು ಗೊತ್ತು? ಅದು ಟ್ರೇಲರ್ ಬೇಕಾದ್ರೂ ಎತ್ತುತ್ತೆ, ಗುಡ್ಡ ಬೇಕಾದ್ರೂ ಎತ್ತುತ್ತೆ. ಕೊಡುವಾಗ ಇದನ್ನ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

ಕ್ಲೆಮೆಂಟ್ ನಿಧಾನವಾಗಿ ತಿರುಗಿ ಆ ಮೂಲೆಯನ್ನು ನೋಡಿದ, ಆಮೇಲೆ ಬಾಗಿಲಿನ ಹಗ್ಗವನ್ನು ನೋಡಿದ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವನು. ಚಾಸಿ ಎಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಂಗಾದ್ರೆ ಪೈಪು ಒಡೆದಿದ್ದು ನಾನು."

"ಜಾಕು."

"ಸುತ್ತಿ ಬಳಸಿ ಮಾತಾಡ್ಬೇಡ ವೆಂಡಲ್. ನಿಂಗೆ ಬರಲ್ಲ ಅದು."

"ಹೌದು. ನೀನು," ಅಂದ ವೆಂಡಲ್. "ನನ್ನ ಡ್ರಿಲ್ಲಲ್ಲಿ."

ಕ್ಲೆಮೆಂಟ್ ಲೋಟವನ್ನು ಕೆಳಗಿಟ್ಟ. "ನೆಲವೆಲ್ಲ ತೇವ. ಅವಳ ಎದೆಗೆ ನೀರು ಬಂದಿದ್ದೂ..."

"ಅದು ಹೃದಯದ್ದು. ಡಾಕ್ಟ್ರು ನಿನ್ನ ಮುಂದೇನೆ ಹೇಳಿದಾರೆ, ನಾನೂ ಅಲ್ಲೇ ನಿಂತಿದ್ದೆ. ಅದನ್ನ ತಂದು ಇದಕ್ಕೆ ಗಂಟು ಹಾಕ್ಬೇಡ. ನಿನ್ನ ಪಾಲಿಗೆ ಪೈಪು, ಬಾಗಿಲು, ಒಂದು ಜಾಕು. ಅಷ್ಟೇ. ಅಷ್ಟನ್ನ ಸರಿ ಮಾಡ್ಬಹುದು, ಏಳು."

ಕ್ಲೆಮೆಂಟ್ ಏಳಲಿಲ್ಲ. "ಇಳಿಸಿದ್ರೆ ಅವಳು ಹೆಂಗೆ ಮಲಗ್ತಾಳೆ?"

ವೆಂಡಲ್ ಕಾಫಿ ಹೀರಿದ. ಲೋಟ ಖಾಲಿಯಾಗುವವರೆಗೆ ಯೋಚಿಸಿದ. "ಮನೆ ಎತ್ತೋದು ಬೇಡ," ಅಂದ ಕೊನೆಗೆ. "ಮಂಚ ಎತ್ತೋಣ."

ಮೊದಲು ಜಾಕ್ ಇಳಿಸುವ ಕೆಲಸ. ವೆಂಡಲ್ ಹಿಡಿಕೆಯನ್ನು ಕ್ಲೆಮೆಂಟನ ಕೈಗೇ ಕೊಟ್ಟ. ಬಾಗಿದ ತಿರುಪು ಕಚ್ಚಿಕೊಂಡು ಕಿರುಗುಟ್ಟಿತು, ಮುದುಕ ಉಬ್ಬಸಪಡುತ್ತ ನಿಂತು ನಿಂತು ತಿರುಗಿಸಿದ. ಮೂಲೆ ಇಳಿಯಿತು. ಚಕ್ರದ ರಬ್ಬರು ನೆಲಕ್ಕೆ ಅಮರಿತು. ಆಮೇಲೆ ಇಡೀ ಟ್ರೇಲರು ಮೈಮುರಿದ ಹಾಗೆ ಲಟಲಟನೆ ಸದ್ದು ಮಾಡಿತು. ಹಗ್ಗ ಬಿಚ್ಚಿಟ್ಟಿದ್ದ ಬಾಗಿಲು ಗಾಳಿಗೆ ತಾನಾಗಿ ಬಂದು ಕ್ಲಿಕ್ಕೆಂದು ಮುಚ್ಚಿಕೊಂಡಿತು. ಇಬ್ಬರೂ ಅದನ್ನು ನೋಡಿದರು.

ಆ ಬಾಗಿದ ಜಾಕಿಗೆ ಬದಲಿ ಬೇಕಾಗಿತ್ತು. ವೆಂಡಲ್ ಲೋರ್ನಾಳ ಬಾಗಿಲು ತಟ್ಟಿದ.

"ಇದೆ ಒಂದು," ಅಂದಳು ಅವಳು. "ನನ್ನ ಗಂಡ ಜಾಕ್ ಮಡಚೋದು ಮರೆತು ಗಾಡಿ ಎಳ್ಕೊಂಡು ಹೊರಟು, ನಾಲ್ಕನ್ನೂ ನೆಲ ಉಳೋ ನೇಗಿಲು ಮಾಡಿದ್ದ. ಹೊಸ ನಾಲ್ಕು ತಂದ, ಮೂರು ಹಾಕಿದ, ನಾಲ್ಕನೇದು ಹಾಕೋಷ್ಟರಲ್ಲಿ ದೇವರು ಕರ್ಕೊಂಡ. ನಂದು ಇವತ್ತಿಗೂ ಮೂರು ಕಾಲಲ್ಲೇ ನಿಂತಿದೆ. ತಗೊಂಡು ಹೋಗು."

"ನಿಂಗೆ ಬೇಡ್ವಾ?"

"ಮೂರು ಕಾಲಿನ ಕುರ್ಚಿ ಯಾವತ್ತಾದ್ರೂ ಅಲುಗಿದ್ದು ನೋಡಿದ್ಯಾ? ಹೋಗು, ಹೋಗು. ಮರದ ಪಟ್ಟಿ ಬೇಕಂದ್ರೆ ನನ್ನ ಬೆಂಚು ಬಿಚ್ಕೋ. ಕೂರೋಕೆ ನಿನ್ನ ಕುರ್ಚಿ ಇದೆಯಲ್ಲ."

ಅಂದು ಮಧ್ಯಾಹ್ನವೆಲ್ಲ ಕೆಲಸ. ಉಳಿದ ಮೂರು ಜಾಕ್‌ಗಳನ್ನೂ ಮಡಚಿ, ಟ್ರೇಲರನ್ನು ಗಾಡಿಗೆ ಕೊಂಡಿ ಹಾಕಿ ಸ್ವಲ್ಪ ಮುಂದೆಳೆದು, ಬಲಬದಿಯ ಚಕ್ರಗಳ ಅಡಿಗೆ ಹಲಗೆ ಕೊಟ್ಟು, ನೆಲದ ಮೇಲೆ ರಸಮಟ್ಟವಿಟ್ಟು ಗುಳ್ಳೆ ನಡುವಿಗೆ ಬರುವವರೆಗೆ ಹಿಂದೆ ಮುಂದೆ ಮಾಡಿದರು. ವೆಂಡಲ್ ಸ್ನಾನದ ನಲ್ಲಿಯ ಹಿಂದಿನ ಪಟ್ಟಿ ಬಿಚ್ಚಿ ಮೂರನೆಯ ಸೋರಿಕೆಯನ್ನು ಹುಡುಕಿದ. ಈ ಸಲ ಜಾಯಿಂಟನ್ನು ಗೋಡೆಗೆ ಬಿಗಿಯಲಿಲ್ಲ. ಬಾಗುವ ಕೊಳವೆಯ ಒಂದು ತುಂಡು ನಡುವೆ ಕೊಟ್ಟು, ಟ್ರೇಲರು ರಸ್ತೆಯಲ್ಲಿ ಮೈ ಕುಲುಕಿದರೂ ಪೈಪು ನೋಯದಂತೆ ಮಾಡಿದ. ಮೆತ್ತಗಾದ ನೆಲವನ್ನು ಕತ್ತರಿಸಿ ತೆಗೆದು, ತೂತಿನೊಳಗೆ ಮರಳುಗಾಡಿನ ಒಣಗಾಳಿ ಆಡಲು ಬಿಟ್ಟು, ಆಮೇಲೆ ಹೊಸ ಪ್ಲೈವುಡ್ ಕೂರಿಸಿದ. ಅಷ್ಟರಲ್ಲಿ ಕ್ಲೆಮೆಂಟ್ ಲೋರ್ನಾಳ ಬೆಂಚಿನ ಪಟ್ಟಿಗಳನ್ನು ಉದ್ದನೆಯ ಬೆಣೆಗಳಾಗಿ ಕೊಯ್ದು, ಹಲಗೆ ಹೊಡೆದು, ಹಾಸಿಗೆಯ ಅಡಿಗೆ ಸೊಂಟದಿಂದ ತಲೆಯವರೆಗೆ ಏರುವ ಒಂದು ಇಳಿಜಾರು ಮಾಡಿದ್ದ. ಮೂರು ಸಲ ಮಲಗಿ ನೋಡಿ ಮೂರು ಸಲವೂ ಎದ್ದು ಅಂಚು ಉಜ್ಜಿದ. ಕಾಲಿನ ಬದಿಗೆ ಒಂದು ಅಡ್ಡಪಟ್ಟಿಯನ್ನೂ ಹೊಡೆದ, ಅವಳು ಜಾರಬಾರದೆಂದು.

ಕೊನೆಗೆ ಜಾಕ್‌ಗಳು. ಲೋರ್ನಾ ಕೊಟ್ಟದ್ದನ್ನು ಬೋಲ್ಟು ಹಾಕಿ ಬಿಗಿದ ಮೇಲೆ ವೆಂಡಲ್ ಕ್ಲೆಮೆಂಟನನ್ನು ಕರೆದು ಹಿಡಿಕೆ ಕೊಟ್ಟ. "ತಿರುಗಿಸು. ನೆಲ ತಾಗಿದ್ದು ಗೊತ್ತಾಯ್ತಾ?"

"ಆಯ್ತು."

"ಇನ್ನು ಸ್ವಲ್ಪ. ಕೈ ಏನು ಹೇಳ್ತಿದೆ?"

ಕ್ಲೆಮೆಂಟ್ ಕಣ್ಣು ಮುಚ್ಚಿಕೊಂಡ. "ಸಾಕು ಅಂತಿದೆ."

"ಅದರ ಮಾತು ಕೇಳು."

ಗುರುವಾರ ಬಂದ ಆಸ್ಪತ್ರೆಯ ಹೆಂಗಸು ಬೂಟು ಬಿಚ್ಚಿ ಬರಿಗಾಲಲ್ಲಿ ನೆಲ ಮುಟ್ಟಿ ನೋಡಿದಳು, ನಲ್ಲಿ ತಿರುಗಿಸಿದಳು, ಹಾಸಿಗೆಯ ಇಳಿಜಾರಿನ ಮೇಲೆ ಅಂಗೈ ಊರಿ ಒತ್ತಿದಳು. "ಇದನ್ನ ಮಾಡಿದ್ದು ಯಾರು?" ಎಂದು ಕೇಳಿದಳು. ಕ್ಲೆಮೆಂಟ್ ತಪ್ಪೇನೋ ಆಗಿದೆ ಎಂದುಕೊಂಡು ಟೋಪಿ ತೆಗೆದ. "ಚೆನ್ನಾಗಿದೆ," ಅಂದಳು ಅವಳು, "ಅವರನ್ನ ನಾಳೆ ಕರ್ಕೊಂಡ್ಬನ್ನಿ."

ಶುಕ್ರವಾರ ಲೋರ್ನಾಳ ಪಿಕಪ್ಪಿನಲ್ಲಿ ಆರ್ಲಿಸ್ ಬಂದಳು. ಬಿಡಾರದವರೆಲ್ಲ ದೂರದಿಂದಲೇ ಕೈ ಬೀಸಿದರು, ಮುತ್ತಿಕೊಳ್ಳಲಿಲ್ಲ. ತೆಳ್ಳಗಾಗಿದ್ದಳು, ಕಣ್ಣು ಮಾತ್ರ ಮೊದಲಿನ ಹಾಗೇ ಚುರುಕಾಗಿತ್ತು. ಕ್ಲೆಮೆಂಟ್ ಅವಳನ್ನು ಹಾಸಿಗೆಗೆ ಒರಗಿಸಿ, ಹೊದಿಕೆ ಸರಿಮಾಡಿ, ಚೀಲಗಳನ್ನು ತರಲು ಹೊರಗೆ ಹೋದ. ಮಾಡಿದ ಕೆಲಸವನ್ನು ಕೊನೆಯದಾಗಿ ಒಮ್ಮೆ ನೋಡಲು ಬಂದಿದ್ದ ವೆಂಡಲ್ ಮೇಜಿನ ಬಳಿ ನಿಂತು, ಅಭ್ಯಾಸದಂತೆ ಕಿವಿಗೊಟ್ಟ. ಹಾಸಿಗೆಯ ಮೇಲೆ ಆರ್ಲಿಸಳೂ ತಲೆ ವಾಲಿಸಿ ಸುಮ್ಮನಿದ್ದಳು. ಇಬ್ಬರೂ ಒಂದನ್ನೇ ಕೇಳುತ್ತಿದ್ದಾರೆಂದು ವೆಂಡಲನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಿಂತುಹೋಗಿದೆ," ಅಂದಳು ಅವಳು.

"ನಿಮಗೆ ಗೊತ್ತಿತ್ತಾ?"

"ಅವನು ಜಾಕ್ ಎತ್ತಿದ ರಾತ್ರಿಯೇ ಶುರುವಾಯ್ತು. ನನ್ನ ದಿಂಬಿನ ಕೆಳಗೇ ಅಲ್ವಾ ಪಂಪಿರೋದು."

"ಹೇಳ್ಬಹುದಿತ್ತಲ್ಲ ಆರ್ಲಿಸ್. ನೆಲ ಹಾಳಾಗ್ತಿರ್ಲಿಲ್ಲ."

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು, ಕೇಳಿಸದವನಿಗೆ ಕೇಳಿಸೀತೆಂಬಂತೆ. "ಹೇಳಿದ್ರೆ ಇಳಿಸಿಬಿಡ್ತಿದ್ದ. ಅದಕ್ಕೆ ಮೊದಲು ಏನ್ಮಾಡ್ತಿದ್ದ ಗೊತ್ತಾ? ನಾನು ಜಾರಬಾರ್ದು ಅಂತ ರಾತ್ರಿಯೆಲ್ಲ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತಿದ್ದ. ಎಷ್ಟು ವಾರ ಹಾಗೆ. ಜಾಕ್ ಎತ್ತಿದ ರಾತ್ರಿ ನಾನು ನಿದ್ದೆ ಮಾಡಿದೆ ಅಂತ ಹೇಳಿರ್ಬೇಕಲ್ಲ ನಿಮ್ಮ ಹತ್ರ?"

"ಹೇಳಿದ."

"ನಾನೆಲ್ಲಿ ಮಲಗಿದೆ. ಮಲಗಿದ್ದು ಅವನು. ಅವನ ಗೊರಕೆ, ಆಮೇಲೆ ಪಂಪು. ಮತ್ತೆ ಗೊರಕೆ, ಮತ್ತೆ ಪಂಪು. ನೀರು ಹೋದ್ರೆ ಹೋಗ್ಲಿ ಅಂದ್ಕೊಂಡೆ."

ವೆಂಡಲನಿಗೆ ಹಳೆಯ ಅಡುಗೆಮನೆಯ ಮೇಜು ನೆನಪಾಯಿತು. ಅಮ್ಮ ಪದ್ಯದ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳಲ್ಲ, ಆಗ ಮೇಜಿನ ಸುತ್ತ ಯಾರೂ ಚಮಚ ಅಲುಗಿಸುತ್ತಿರಲಿಲ್ಲ. ಅವನೂ ಹಾಗೇ ನಿಂತ.

ಚೀಲಗಳನ್ನು ಎಳೆದುಕೊಂಡು ಕ್ಲೆಮೆಂಟ್ ಮೆಟ್ಟಿಲೇರಿ ಬಂದ. ಅವಳ ತುಟಿ ಅಲುಗಿದ್ದನ್ನು ನೋಡಿ, ಗಡಿಬಿಡಿಯಿಂದ ಜೇಬು ತಡಕಿ ಮೆಷೀನನ್ನು ಕಿವಿಗೆ ಸಿಕ್ಕಿಸಿಕೊಂಡ. "ಏನಂದೆ?"

"ಕಾಫಿ ಇಡು ಅಂದೆ. ಕಿವಿ ಕೇಳದಿದ್ರೆ ಕಣ್ಣಾದ್ರೂ ಬೇಡ್ವಾ, ಮನೆಗೆ ಬಂದು ಇಷ್ಟು ಹೊತ್ತಾಯ್ತು."

"ಬೈಯೋಕೆ ಶುರು ಮಾಡಿದ್ಲು," ಅಂದ ಕ್ಲೆಮೆಂಟ್ ವೆಂಡಲನಿಗೆ, ಮುಖವೆಲ್ಲ ಅರಳಿಸಿಕೊಂಡು. ಪಾತ್ರೆ ಹಿಡಿದು ನಲ್ಲಿ ತಿರುಗಿಸಿದ. ಪಂಪು ಓಡಿತು. ಮುಚ್ಚಿದ, ನಿಂತಿತು. ಆಮೇಲೆ ಏನೋ ನೆನಪಾಗಿ ಬೀರುವಿನಿಂದ ಡ್ರಿಲ್ ತೆಗೆದು ಕೊಟ್ಟ. "ಇದನ್ನ ತಗೊಂಡು ಹೋಗ್ಬಿಡು. ಕೈ ನೋವು ಅಂತ ಕೇಳಿದ್ರೂ ಕೊಡ್ಬೇಡ."

ವೆಂಡಲ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು, ಒಂದು ಬೆರಳಿಂದ ಬಾಗಿಲು ಮುಚ್ಚಿದ. ಆಚೆ ಲೋರ್ನಾ ಕುರ್ಚಿಗಳನ್ನು ಬಿಡಿಸಿ ಮುಗಿಸಿದ್ದಳು. ತನ್ನ ಬೆಂಚು ಇದ್ದ ಜಾಗದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ವೆಂಡಲ್ ತನಗೆ ಕೂರಲು ಅವನ ಕುರ್ಚಿಯನ್ನು ತರುವುದನ್ನೇ ಕಾಯುತ್ತಿದ್ದಳು.